ಶಾರದಮ್ಮನ ವರದಿ ಹಿಡಿದು ಕಾನಹೊಸಹಳ್ಳಿಗೆ

ಹೊಸಪೇಟೆಯಲ್ಲಿ ರೈಲು ಹತ್ತಿ ಕೊಟ್ಟೂರಿನಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಂಡಕ್ಕಿ, ಮಿರ್ಚಿ ತಿಂದು ಕಾನಹೊಸಹಳ್ಳಿಯ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ನೋಡಿ ಉಚಿತ ಟಿಕೆಟ್ ಕೊಟ್ಟ. ಚೀಲದಲ್ಲಿ ಎರಡು ಲಕೋಟೆಗಳಿದ್ದವು: ಒಂದು ಶಾರದಮ್ಮನದು, ಇನ್ನೊಂದು ಅವರ ತಂಗಿ ಹಾಲಮ್ಮನದು.

ನಾನು ಕ್ಯಾನ್ಸರ್ ಮತ್ತು ವಂಶವಾಹಿಗಳ ಸಂಶೋಧಕಿ. ಇವರ ಹಿರಿಯಕ್ಕ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದರೆಂದು ತಿಳಿದು, ಆರು ವರ್ಷದ ಹಿಂದೆ ಇದೇ ದಾರಿಯಲ್ಲಿ ಬಂದು ಇಬ್ಬರ ರಕ್ತ ಒಯ್ದಿದ್ದೆ. "ಏನ್ ಬಂತು ಅಂತ ತಿಳಸ್ತೀರಲ್ರಿ?" ಎಂದು ಶಾರದಮ್ಮ ಕೇಳಿದ್ದರು. "ಖಂಡಿತ" ಎಂದಿದ್ದೆ.

ಮರುವರ್ಷವೇ ಇಬ್ಬರಲ್ಲೂ ದೋಷವಿರುವ ವಂಶವಾಹಿ ಸಿಕ್ಕಿತು. ಅದು ರೋಗವಲ್ಲ, ರೋಗ ಬರುವ ಸಂಭವ ಹೆಚ್ಚೆಂಬ ಸೂಚನೆ. ಅದರ ಮೇಲೆ ಪ್ರಬಂಧ ಬರೆದೆ, ಬಡ್ತಿ ಪಡೆದೆ, ಹೊರದೇಶದ ಸಭೆಗಳಲ್ಲಿ ಮಾತಾಡಿದೆ. ತಿಳಿಸುವ ಕೆಲಸ ಬೇರೆ ಯಾರದೋ ಅಂದುಕೊಂಡೆ. ಹೋದ ತಿಂಗಳು ನನ್ನ ವಿದ್ಯಾರ್ಥಿನಿ ಆ ಪ್ರಬಂಧ ಓದಿ, "ಈ ಮನೆಯವರಿಗೆ ಗೊತ್ತಾ ಮೇಡಂ?" ಎಂದಳು. ಅಂದೇ ಇಬ್ಬರ ವರದಿಗಳನ್ನೂ ಹುಡುಕಿ ತೆಗೆದೆ.

ಕಾನಹೊಸಹಳ್ಳಿಯ ಮನೆಯ ಬಾಗಿಲು ತೆರೆದವಳು ಶಾರದಮ್ಮನ ಮಗಳು ರೇಖಾ, ಶಾಲಾ ಶಿಕ್ಷಕಿ.

"ಅವ್ವ ಇಲ್ರಿ. ತೀರಿಕೊಂಡು ಹತ್ತ್ ತಿಂಗಳಾತು. ಎದಿಯಾಗ ಗಂಟಾಗಿತ್ತು. ದವಾಖಾನಿಗೆ ಹೋಗೂದ್ರಾಗ ಎಲ್ಲಾ ಕಡಿ ಹಬ್ಬಿತ್ತು."

ಲಕೋಟೆ ಕೊಟ್ಟು ಎಲ್ಲ ಹೇಳಿದೆ. ಅವಳು ಕಾಗದದ ಮೇಲಿನ ತಾರೀಕು ನೋಡಿದಳು.

"ಐದ್ ವರ್ಷದ ಹಿಂದ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

"ಆಗ ಹೇಳಿದ್ರ ಅವ್ವ ಉಳೀತಿದ್ಲಾ?"

"ಖಾತ್ರಿಯಾಗಿ ಹೇಳಲಾರೆ. ವರ್ಷವರ್ಷ ತಪಾಸಣೆ ಮಾಡಿಸಿದ್ದರೆ ಬೇಗ ಸಿಗುತ್ತಿತ್ತು. ನೀವೂ ರಕ್ತಪರೀಕ್ಷೆ ಮಾಡಿಸಬೇಕು."

ಅವಳು ಬೈಯಲಿಲ್ಲ. ಚಪ್ಪಲಿ ಮೆಟ್ಟಿ, "ಚಿಗವ್ವ ನೀಲಗುಂದದಾಗ ಅದಾಳ. ನಡ್ರಿ. ನೀವ ಹೇಳ್ರಿ," ಎಂದಳು.

ಹರಪನಹಳ್ಳಿಯವರೆಗೆ, ನನ್ನ ಪಕ್ಕದ ಸೀಟು ಖಾಲಿಯಿದ್ದರೂ, ಹಿಂದೆ ಹೋಗಿ ಕುಳಿತಳು. ಅಲ್ಲಿಂದ ಆಟೊ ಹಿಡಿದೆವು.

ನೀಲಗುಂದದಲ್ಲಿ ಹಾಲಮ್ಮ ಮೊದಲು ರೊಟ್ಟಿ, ಎಣಗಾಯಿ ಬಡಿಸಿದರು. ವಿಷಯ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡರು. "ಇಷ್ಟ್ ದೂರ ನನ್ನ ಸಲುವಾಗಿ ಬಂದ್ರಲ್ಲವ್ವಾ!"

ಆ ಕ್ಷಣ ಸುಮ್ಮನಿದ್ದುಬಿಡೋಣ ಎನಿಸಿತ್ತು, ಒಪ್ಪಿಕೊಳ್ಳುತ್ತೇನೆ.

"ಯಾವಾಗ ಗೊತ್ತಾತು, ಅದನ್ನೂ ಹೇಳ್ರಿ," ಎಂದಳು ರೇಖಾ.

ಹೇಳಿದೆ. ಹಾಲಮ್ಮ ವರ್ಷ ಲೆಕ್ಕ ಹಾಕಿದರು. "ಆಗ ಅಕ್ಕ ಚಲೋ ಇದ್ಲು," ಎಂದು ಮೆಲ್ಲಗೆ ಕೈ ಬಿಟ್ಟರು.

ಮರುದಿನ ಮೂವರೂ ದಾವಣಗೆರೆಗೆ ಹೋದೆವು. ತಪಾಸಣೆಯಲ್ಲಿ ಹಾಲಮ್ಮನಿಗೆ ಗಂಟೇನೂ ಕಾಣಲಿಲ್ಲ. ಆರು ತಿಂಗಳಿಗೊಮ್ಮೆ ಬರಬೇಕೆಂದು ಡಾಕ್ಟರು ಹೇಳಿದರು. ರೇಖಾ ಪರೀಕ್ಷೆಗೆ ರಕ್ತ ಕೊಟ್ಟಳು, ನನಗಲ್ಲ, ಆಸ್ಪತ್ರೆಗೆ.

ಸಂಜೆ ಇಬ್ಬರೂ ಹರಪನಹಳ್ಳಿಯ ಬಸ್ಸು ಹತ್ತಿದರು. ಹಾಲಮ್ಮ ಕಿಟಕಿಯಿಂದ ಒಮ್ಮೆ ನೋಡಿದರು, ರೇಖಾ ನೋಡಲಿಲ್ಲ. ಬೆಂಗಳೂರಿನ ಬಸ್ಸು ಎದುರಿಗೇ ನಿಂತಿತ್ತು. ಅವರ ಬಸ್ಸು ಮರೆಯಾದ ಮೇಲೆ ಹತ್ತಿದೆ.