ವಫ್ರಾದ ಇಪ್ಪತ್ತೆರಡು ಕವರುಗಳು

ಟೊಮೆಟೊ ಗಿಡದ ಎಲೆಯನ್ನು ಬೆರಳುಗಳ ನಡುವೆ ಉಜ್ಜಿದರೆ ಬರುವ ಆ ಕಟುವಾದ ಹಸಿರು ವಾಸನೆ ನಿಮಗೂ ಗೊತ್ತಿರಬಹುದು. ಸೋಪು ಹಾಕಿ ತೊಳೆದರೂ ಅದು ಬೇಗ ಹೋಗುವುದಿಲ್ಲ. ಮೊನ್ನೆ ಪಕ್ಕದ ಮನೆಯವರ ಕುಂಡದ ಗಿಡಕ್ಕೆ ನೀರು ಹಾಕುವಾಗ ಆ ವಾಸನೆ ಕೈಗೆ ಹತ್ತಿತು. ಒಡನೆ ಕೊಲ್ಲಿ ದೇಶದ ಫಿಂಟಾಸಿನ ನಮ್ಮ ಮೂರನೇ ಮಹಡಿ ಕಣ್ಣ ಮುಂದೆ ಬಂತು. ಎದುರುಬದುರು ಎರಡು ಮನೆ, ನಡುವೆ ಏಳು ಹೆಜ್ಜೆಯ ಮೊಗಸಾಲೆ. ಅವು ಏಳೇ ಎಂದು ನಾನು ಆರನೇ ಕ್ಲಾಸಿನ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಒಂದು ಮನೆ ನಮ್ಮದು. ಅಪ್ಪ ಧಾರವಾಡದ ಕಡೆಯ ಎಂಜಿನಿಯರ್. ಇನ್ನೊಂದು ಇಬ್ರಾಹಿಂ ಕಾಕಾನದು. ಬಂಟ್ವಾಳದ ಕಡೆಯವರು, ಶುವೈಖ್‌ನಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ. ಸಂಜೆ ನಾಲ್ಕಕ್ಕೆ ತೆರೆದ ಎರಡೂ ಬಾಗಿಲುಗಳು ಮಲಗುವ ಹೊತ್ತಿಗೇ ಮುಚ್ಚುತ್ತಿದ್ದವು. ಅಮ್ಮ ರೊಟ್ಟಿ ಬಡಿಯುವ ಸದ್ದು ಆ ಕಡೆಗೆ, ಜುಬೈದಾ ಕಾಕಿಯ ಮೀನು ಸಾರಿನ ಘಮ ಈ ಕಡೆಗೆ. ಆ ಕಟ್ಟಡ ಈಗಿಲ್ಲ, ಕೆಡವಿದ್ದಾರೆ.

ಅಪ್ಪ ನಮ್ಮ ಕನ್ನಡ ಕೂಟದ ಅಧ್ಯಕ್ಷರಾಗಿದ್ದರು. ಹಬ್ಬ, ನಾಟಕ ಅಷ್ಟೇ ಅಲ್ಲ. ಯಾರಾದರೂ ಆಸ್ಪತ್ರೆ ಸೇರಿದರೆ, ಇಕಾಮಾ ಎಂಬ ವಾಸದ ಪರವಾನಗಿಯ ಕಾಗದ ಸಿಕ್ಕಿಹಾಕಿಕೊಂಡರೆ, ಶವ ಊರಿಗೆ ಕಳಿಸಬೇಕಾದರೆ ಮೊದಲ ಫೋನು ಅಧ್ಯಕ್ಷರಿಗೇ ಬರುತ್ತಿತ್ತು. ನಾನು ಆರನೇ ಕ್ಲಾಸಿನಲ್ಲಿದ್ದ ಆ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಅಪ್ಪನ ಎದುರು ನಿಂತವರು ಇಬ್ರಾಹಿಂ ಕಾಕಾ. ಇಬ್ಬರೂ ಒಂದೇ ತಟ್ಟೆಯ ಖರ್ಜೂರ ತಿನ್ನುತ್ತಾ ಪ್ರಚಾರದ ಚೀಟಿ ಮಡಚುತ್ತಿದ್ದರು. "ದೇಸಾಯರೇ, ನೀವು ಸೋತರೆ ಅಳಲಿಕ್ಕಿಲ್ಲ ಅಂತ ಈಗಲೇ ಬರೆದು ಕೊಡಿ ಮಾರಾಯ್ರೆ," ಎಂದು ಕಾಕಾ ಕಿಚಾಯಿಸುತ್ತಿದ್ದರು.

ವಫ್ರಾದ ತೋಟಗಳಲ್ಲಿ ದುಡಿಯುವ ನಮ್ಮವರು ಇಪ್ಪತ್ತೆರಡು ಮಂದಿ. ಅಲ್ಲಿಂದ ಬರಲು ಬಸ್ಸು ಇಲ್ಲವೆಂದು ಅವರ ಓಟನ್ನು ಒಂದು ವಾರ ಮೊದಲೇ ಕವರಿನಲ್ಲಿ ಪಡೆಯುವುದು ರೂಢಿ. ಆ ಶುಕ್ರವಾರ ಅಪ್ಪನ ಜೊತೆ ನಾನೂ ಹೋದೆ. ಹಸಿರುಮನೆಯ ಪ್ಲಾಸ್ಟಿಕ್ಕಿನ ಕೆಳಗೆ ಉಸಿರು ಕಟ್ಟುವ ಸೆಕೆ, ಎಲ್ಲೆಲ್ಲೂ ಟೊಮೆಟೊ ಎಲೆಯ ವಾಸನೆ. ಒಬ್ಬೊಬ್ಬರೇ ಬೆನ್ನು ತಿರುಗಿಸಿ ಗುರುತು ಹಾಕಿ, ಕವರಿಗೆ ಅಂಟು ಹಚ್ಚಿ ಡಬ್ಬಿಗೆ ಹಾಕಿದರು. "ಎಣಿಸಿ ಇಡು," ಎಂದು ಅಪ್ಪ ನನಗೆ ಹೇಳಿ, ನೀರು ಕುಡಿಯಲು ಹೋದರು. ಎಣಿಕೆ ತಪ್ಪಬಾರದೆಂದು ನಾನು ಪ್ರತಿ ಕವರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಸಂಖ್ಯೆ ಹಾಕಿ, ಡೈರಿಯಲ್ಲಿ ಅದರ ಎದುರು ಹೆಸರು ಬರೆದುಕೊಂಡೆ. ಒಂಬತ್ತನೆಯವನು ಬಸಪ್ಪ. "ಏನ್ ಬರಕೊಳ್ಳಾಕತ್ತಿ ತಂಗಿ? ನನ್ನ ಹೆಸರು ಸರಿಯಾಗಿ ಬರಿ. ರೇಷನ್ ಕಾರ್ಡಿನ್ಯಾಗ ಬಸಮ್ಮ ಅಂತ ಬರದಾರ," ಎಂದು ನಕ್ಕು ನನ್ನ ಜೇಬಿಗೆ ಎಳೆ ಸೌತೆಕಾಯಿ ತುರುಕಿದ.

ಮುಂದಿನ ಮಂಗಳವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಫೋನು ಬಂತು. ಅಪ್ಪ ಊಟಕ್ಕೆ ಕೂತಿದ್ದರು. ಬಸಪ್ಪ ಬಿಸಿಲಿಗೆ ಕುಸಿದುಬಿದ್ದಿದ್ದ; ಆಸ್ಪತ್ರೆಯಲ್ಲಿ ಯಾರ ಮಾತೂ ಯಾರಿಗೂ ತಿಳಿಯುತ್ತಿಲ್ಲ, ಒಮ್ಮೆ ಬನ್ನಿ ಎಂದು ಅವನ ಕೋಣೆಯ ನಿಂಗಪ್ಪ ಕೇಳುತ್ತಿದ್ದ. "ಡಾಕ್ಟರ್ ನೋಡ್ಕೋತಾರಪ್ಪ. ಶುಕ್ರವಾರದ ಗದ್ದಲ ಮುಗೀಲಿ, ಶನಿವಾರ ಬರ್ತೀನಿ," ಎಂದರು ಅಪ್ಪ. ನಿಂಗಪ್ಪ ಕಾಕಾನ ಅಂಗಡಿಗೆ ಫೋನು ಮಾಡಿದ. ಕಾಕಾ ಶಟರ್ ಎಳೆದು ಹೋದರು. ಬುಧವಾರ ಬಸಪ್ಪ ಸತ್ತಾಗ ಪಕ್ಕದಲ್ಲಿ ಅವರಿದ್ದರು. ಕಾಗದಗಳಿಗೆಲ್ಲ ಓಡಾಡಿ ಗುರುವಾರ ಸಂಜೆ ಬಂದವರು ಮೊಗಸಾಲೆಯಲ್ಲಿ ಚಪ್ಪಲಿ ಬಿಡುತ್ತಾ, "ಖಲಾಸ್, ದೇಸಾಯರೇ," ಎಂದಷ್ಟೇ ಅಂದರು. ಅಪ್ಪನ ಕೈಯಲ್ಲಿ ಇನ್ನೂ ಪ್ರಚಾರದ ಚೀಟಿಗಳಿದ್ದವು.

ಶುಕ್ರವಾರ ಬಾಡಿಗೆ ಹಾಲಿನಲ್ಲಿ ಮತದಾನ. ಹನ್ನೊಂದೂ ನಲವತ್ತಕ್ಕೆ ನಿಂಗಪ್ಪ ತರಕಾರಿ ಗಾಡಿ ಹತ್ತಿ ಬಂದಿಳಿದ. ಅಂಗಿಯ ಮೇಲೆಲ್ಲ ಟೊಮೆಟೊ ಕಲೆ. ಚುನಾವಣೆ ನಡೆಸುತ್ತಿದ್ದ ಶ್ರೀನಿವಾಸ ಮಾಸ್ತರರ ಮುಂದೆ ನಿಂತು, "ನನ್ನ ಕವರು ವಾಪಸ್ ಕೊಡ್ರಿ," ಎಂದ. "ಹೋದ ಶುಕ್ರವಾರ ನನಗ ಗೊತ್ತಿದ್ದದ್ದು ಬ್ಯಾರೆ, ಇವತ್ತು ಗೊತ್ತಾಗಿದ್ದು ಬ್ಯಾರೆ. ಎಲ್ಲಾರೂ ಇವತ್ತಿಂದು ತಿಳಕೊಂಡು ಹಾಕಾಕತ್ತಾರ. ನಮಗ್ಯಾಕ ಇಲ್ಲ?"

ಮಾಸ್ತರರು ನಿಟ್ಟುಸಿರು ಬಿಟ್ಟರು. "ಎಲ್ಲಾ ಕವರೂ ಒಂದೇ ತರ ಇದೆಯಪ್ಪ. ನಿನ್ನದು ಯಾವುದು ಅಂತ ಹೇಗೆ ಹುಡುಕಲಿ?"

"ಹದಿನಾಲ್ಕು," ಎಂದೆ ನಾನು.

ಸಹಾಯ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಡೈರಿ ತೆಗೆದು ತೋರಿಸಿದೆ. ಯಾರ ಓಟು ಯಾರಿಗೆ ಎಂದು ತಿಳಿಯುವ ಪಟ್ಟಿ ಅಧ್ಯಕ್ಷರ ಮಗಳ ಕೈಯಲ್ಲಿದೆ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು. ಹಿಂದಿನಿಂದ ಯಾರೋ, "ಅಪ್ಪ ಚೆನ್ನಾಗಿ ಟ್ರೈನಿಂಗ್ ಕೊಟ್ಟಿದ್ದಾರೆ," ಎಂದರು. "ಬಾಯಿ ಮುಚ್ಚು ಮಾರಾಯ, ಮಗು ಅದು," ಎಂದರು ಕಾಕಾ, ತಿರುಗಿಯೂ ನೋಡದೆ. ಅಪ್ಪ ನನ್ನ ಕಡೆ ತಿರುಗಿದರು. "ಹಿಂಗ ಮಾಡಂತ ಯಾರು ಹೇಳಿದ್ರು?" ಎಂದು ಕೇಳಿದರು. "ನೀವೇ ಎಣಿಸಿ ಇಡು ಅಂದ್ರಿ," ಎಂದೆ.

ಅಪ್ಪ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. "ಮಾಸ್ತರ್ರೇ, ಈ ಇಪ್ಪತ್ತೆರಡು ಲೆಕ್ಕಕ್ಕ ಬ್ಯಾಡ. ಆರರ ತನಕಾ ಟೈಮ್ ಐತಿ. ಅವರನ್ನ ನಾ ಕರಕೊಂಡ್ ಬರ್ತೀನಿ."

"ಯಾರಿಗೆ ಹಾಕ್ತಾರ ಗೊತ್ತೈತೇನ್ರಿ?" ಎಂದ ನಿಂಗಪ್ಪ.

"ಗೊತ್ತೈತಿ," ಎಂದರು ಅಪ್ಪ. ಕಾಕಾ ಅಂಗಡಿಯ ವ್ಯಾನಿನ ಕೀಲಿ ಹಿಡಿದು ಆಗಲೇ ಬಾಗಿಲಲ್ಲಿದ್ದರು. "ನಿಮ್ಮ ಕಾರಲ್ಲಿ ನಾಲ್ಕು ಜನ ಹಿಡಿಯುತ್ತದೆ ಅಷ್ಟೇ. ಯಲ್ಲಾ, ಹೊರಡಿ."

ಎರಡೆರಡು ಸಲ ಹೋಗಿ ಬಂದರು. ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟು ಅವರು ಸಾಲಿನಲ್ಲಿ ನಿಂತರು. ನಿಂಗಪ್ಪನೂ ಸೇರಿ ಇಪ್ಪತ್ತೊಂದು ಜನ. ಐದೂ ಐವತ್ತಕ್ಕೆ ಕೊನೆಯ ಚೀಟಿ ಬಿತ್ತು. ಅಪ್ಪನಿಗೆ ಅರವತ್ತು, ಕಾಕಾನಿಗೆ ಎಪ್ಪತ್ತೊಂದು. ಅಪ್ಪ ಅಳಲಿಲ್ಲ, ಕಾಕಾ ನಗಲಿಲ್ಲ. ಮುಂದಿನ ಚುನಾವಣೆಯಿಂದ ಕವರುಗಳು ನಿಂತು, ಮತದಾನದ ದಿನವೇ ವಫ್ರಾಕ್ಕೆ ಕೂಟದ ಬಸ್ಸು ಹೋಗುವಂತಾಯಿತು. ಅದರಲ್ಲಿ ಡ್ರೈವರನ ಪಕ್ಕ ಕೂತು ಹೋಗುತ್ತಿದ್ದವರು ಅಪ್ಪ. ಬಾಗಿಲುಗಳು ಮೊದಲಿನಂತೆಯೇ ತೆರೆದಿದ್ದವು. ಆದರೆ ಊಟದ ನಡುವೆ ಫೋನು ಬಂದರೆ ಅಪ್ಪ ಎರಡನೇ ರಿಂಗಿಗೆ ಬಿಡುತ್ತಿರಲಿಲ್ಲ, ಎಂಜಲು ಕೈಯಲ್ಲೇ ಏಳುತ್ತಿದ್ದರು. ಕೊನೆಯ ವರ್ಷ ಆಸ್ಪತ್ರೆಯ ಮಂಚದಲ್ಲೂ ಹಾಗೆಯೇ.

ಆ ಡಬ್ಬಿ ಅಪ್ಪನ ಕಪಾಟಿನಲ್ಲಿತ್ತು. ಅವರು ಹೋದ ಮೇಲೆ ನನ್ನ ಬಳಿ ಬಂದಿತ್ತು, ತೆರೆದಿರಲಿಲ್ಲ. ಮೊನ್ನೆ ಕೈಯಲ್ಲಿ ಆ ವಾಸನೆ ಇರುವಾಗಲೇ ತೆರೆದೆ. ಇಪ್ಪತ್ತೊಂದು ಕವರುಗಳ ಅಂಟು ಹಾಗೆಯೇ ಇತ್ತು. ಒಂಬತ್ತನೆಯದನ್ನು ಮಾತ್ರ ಬ್ಲೇಡಿನಿಂದ ನೀಟಾಗಿ ಕೊಯ್ದು ತೆರೆಯಲಾಗಿತ್ತು. ಒಳಗಿನ ಚೀಟಿಯಲ್ಲಿ ಅಪ್ಪನ ಹೆಸರಿನ ಮುಂದೆ ಬಸಪ್ಪ ಹಾಕಿದ ಗುರುತು, ಕಾಗದ ತೂತಾಗುವಷ್ಟು ಒತ್ತಿ. ಅಪ್ಪ ಅದನ್ನು ಯಾವ ದಿನ ತೆರೆದು ನೋಡಿದರೋ, ನನ್ನ ಯಾವ ಡೈರಿಯಲ್ಲೂ ಇಲ್ಲ.