ಖಾಲಿ ಬಿಟ್ಟ ಪದಬಂಧ

ಪದಬಂಧವನ್ನು ಒಬ್ಬರೇ ಕೂತು ಬಿಡಿಸುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಮನೆ ತುಂಬಿಸುವುದರಲ್ಲಿ ಅದೇನು ರುಚಿಯೋ!

ಆಗ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿದ ಶರ್ಟುಗಳನ್ನು ಚೆಕ್ ಮಾಡುವುದು ನನ್ನ ಕೆಲಸ. ಪಕ್ಕದ ಟೇಬಲ್ಲಿನವಳು ನನ್ನ ಗೆಳತಿ. ಇಬ್ಬರೂ ಲಗ್ಗೆರೆಯವರು, ಒಂದೇ ಬೀದಿ. ಊಟದ ಹೊತ್ತಿಗೆ ಕ್ಯಾಂಟೀನಿನ ಪೇಪರು ಹಿಡಿದು ಮೂಲೆ ಸೇರುತ್ತಿದ್ದೆವು. ಒಬ್ಬಳು ಸುಳಿವು ಓದಬೇಕು, ಇನ್ನೊಬ್ಬಳು ಹೇಳಬೇಕು. ಓದಿದವಳಿಗೆ ಉತ್ತರ ಹೊಳೆದಿದ್ದರೂ ತುಟಿ ಬಿಚ್ಚುವಂತಿಲ್ಲ. ‘ಪೀಡಿಸುವ ಅರಣ್ಯ’ ಅಂದರೆ ‘ಕಾಡು’ ಎಂದು ತಟ್ಟನೆ ಹೇಳುತ್ತಿದ್ದಳು. ‘ಒಲ್ಲೆನೆಂದ ಬೇಟೆಗಾರ’ ಬಂದ ದಿನ ಮಾತ್ರ ಅನ್ನ ಆರಿದರೂ ಅವಳಿಗೆ ಹೊಳೆಯಲಿಲ್ಲ.

“ಅವನ್ಯಾಕೆ ಒಲ್ಲೆ ಅಂತಾನೆ? ಹೆಂಡ್ತಿ ಸೊಪ್ಪಿನ ಸಾರು ಮಾಡಿದ್ಲಾ?” ಅಂದಳು. ನಾನು ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡೆ. ಬೆನ್ನು ತಟ್ಟುತ್ತಿದ್ದವಳು ಅರ್ಧಕ್ಕೇ ಕೈ ನಿಲ್ಲಿಸಿ, “ಬೇಡ ಕಣೇ, ಬೇಡ” ಅಂದಳು. ಎರಡು ಮನೆಗೂ ಸರಿಯಾಗಿ ಕೂತಿತು.

ಆಮೇಲೆ ಅವಳನ್ನು ಸೂಪರ್‌ವೈಸರ್ ಮಾಡಿದರು. ನನಗೆ ಹೊಟ್ಟೆಕಿಚ್ಚಿರಲಿಲ್ಲ, ದೇವರಾಣೆ. ಊಟ ಮಾತ್ರ ಇನ್ನು ಸ್ಟಾಫ್ ರೂಮಿನಲ್ಲಿ ಎಂದರು. ಅವಳು ಟಿಫನ್ ಬಾಕ್ಸ್ ಎತ್ತಿಕೊಂಡು ಹೋದಳು. ಪೇಪರೂ ಅತ್ತಲೇ ಹೋಯಿತು. ವಾರವಾದರೂ ಈ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ಜೊತೆಗೆ ನಡೆದು ಬರುತ್ತಿದ್ದವಳು ಬೇಗ ಹೊರಡತೊಡಗಿದಳು. ಕೆಲಸ ಜಾಸ್ತಿ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ರಾಯಚೂರಿನ ಹೆಂಗಸು ಪೇಪರು ತಂದುಕೊಟ್ಟು, “ಮೇಡಂನೋರು ಕೊಟ್ಟು ಕಳಿಸ್ಯಾರ್ರೀ ಅಕ್ಕಾ, ನಿಮಗ ಅಂತ” ಅಂದಳು. ಬಿಡಿಸಿ ನೋಡಿದೆ. ಪದಬಂಧ ಪೂರ್ತಿ ಖಾಲಿ. ಒಂದು ಅಕ್ಷರವೂ ತುಂಬಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ನಾನೇನು ಪೇಪರಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದೆನೇ? ಉಳಿದ ಅನ್ನ ಕಳಿಸಿದ ಹಾಗೆ ಕಳಿಸಿದ್ದಳು. ಕೈ ಕೂಡ ತೊಳೆಯದೆ ಎದ್ದು ಹೋದೆ. ಅವಳು ನಮ್ಮ ಲೈನಿನ ತುದಿಯಲ್ಲಿ ನಿಂತಿದ್ದಳು.

“ಏನಿದು?” ಅಂದೆ.

“ನಿಂಗೇ ಇರ್ಲಿ ಅಂತ ಮುಟ್ದೇ ಇಟ್ಟಿದ್ದೆ ಕಣೇ. ಪೂರ್ತಿ ನೀನೇ ಮಾಡು.”

“ಪೇಪರ್ ಬಸ್ ಸ್ಟಾಪಲ್ಲೂ ಸಿಗುತ್ತೆ. ನೀನು ಬಂದು ಕೂರ್ತೀಯೋ ಇಲ್ವೋ, ಅದನ್ನ ಹೇಳು.”

ಅವಳು ದನಿ ತಗ್ಗಿಸಿದಳು. “ನಿಮ್ಮ ಜೊತೆ ಕೂತ್ರೆ ಸ್ಟಾಫ್ ರೂಮಿನವ್ರು ಏನಂತಾರೆ? ಈಗಷ್ಟೇ ಸೂಪರ್‌ವೈಸರ್ ಮಾಡಿದಾರೆ ನನ್ನ. ಅರ್ಥ ಮಾಡ್ಕೊ.”

ನಿಮ್ಮ ಜೊತೆಯಂತೆ. ಮೊನ್ನೆವರೆಗೆ ನನ್ನ ತಟ್ಟೆಯ ಉಪ್ಪಿನಕಾಯಿಗೆ ಕೈ ಹಾಕುತ್ತಿದ್ದವಳು! ಉಗಿದುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಸ್ಟಾಫ್ ರೂಮಿನಿಂದ ಇಬ್ಬರು ಹೊರಗೆ ಬಂದರು. ಅವರನ್ನು ನೋಡಿ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, “ಟೈಮಾಯ್ತು, ಟೇಬಲ್ಲಿಗೆ ಹೋಗಿ” ಅಂದಳು.

ಪೇಪರನ್ನು ಅವಳ ಕೈಗೇ ತುರುಕಿದೆ. “ಆಯ್ತು ಮೇಡಂ” ಅಂದೆ.

ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಚುಚ್ಚಲಿ ಎಂದೇ ಕರೆದಿದ್ದೆ. ಹಾಗನ್ನಬೇಡ ಕಣೇ ಎಂದಾಳು ಎಂದು, ಅಷ್ಟು ಸಿಟ್ಟಿನಲ್ಲೂ, ಒಂದು ಗಳಿಗೆ ನಿಂತೆ. ಅವಳು ಪೇಪರು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮುಂದಿನ ಟೇಬಲ್ಲಿನತ್ತ ನಡೆದಳು.