ಮೊದಲ ಪ್ರದರ್ಶನ ಚಿಹಾರು ಮನೆಯಲ್ಲಿ

ಚಿಹಾರು ಎಂದರೆ ಮಹಾ ಹಟಮಾರಿ ಹೆಂಗಸು, ಸ್ವಾಮಿ. ಜಪಾನಿನ ಕಲ್ಲಿದ್ದಲ ಗಣಿಯೂರಿನವಳು. ಚಿಕ್ಕಂದಿನಲ್ಲಿ ಯಾರೋ ಟೀವಿಯವರು ಬಂದು ಅವಳಪ್ಪನ ಮಸಿ ಮೆತ್ತಿದ ಮುಖವನ್ನು ಚಿತ್ರಿಸಿಕೊಂಡು ಹೋದರು. ಊರಿಗೆ ಊರೇ ನೋಡಿ ನಕ್ಕಿತು. ಅಪ್ಪನಿಗೆ ಮಾತ್ರ ಯಾರೂ ತೋರಿಸಲಿಲ್ಲ. ಆ ಸಿಟ್ಟಿನಲ್ಲೇ ಕ್ಯಾಮೆರಾ ಹಿಡಿದವಳು ಇವಳು. ಒಸಾಕಾದ ದಿನಗೂಲಿಗಳು, ಮದುವೆಯಾಗಿ ನೆದರ್ಲೆಂಡ್ಸಿನ ಯುಟ್ರೆಕ್ಟಿಗೆ ಬಂದ ಮೇಲೆ ಇಲ್ಲಿನ ಗಾಜಿನ ಮನೆಗಳಲ್ಲಿ ಟೊಮೆಟೊ ಕೀಳುವವರು, ಹೀಗೆ ಹೊಟ್ಟೆಪಾಡಿನವರ ಸಾಕ್ಷ್ಯಚಿತ್ರ ಬಿಟ್ಟು ಬೇರೆ ಮಾಡಿದ್ದಿಲ್ಲ. ಚಿತ್ರದಲ್ಲಿರುವವರನ್ನು ಮನೆಗೆ ಕರೆದು, ಊಟ ಹಾಕಿ, ಮೊದಲು ಅವರಿಗೇ ತೋರಿಸುವುದು ಅವಳ ಕಟ್ಟಳೆ. ಅವರು ಬೇಡವೆಂದದ್ದಕ್ಕೆ ಕತ್ತರಿ.

ಈ ಸಲದ ಚಿತ್ರ ಕೆಲಸ ಕಳೆದುಕೊಂಡ ಪರದೇಶಿಗಳದ್ದು. ಅದರ ಜೀವಾಳ ಮೈಸೂರಿನ ಕರಿಯಪ್ಪ. ಕಾಪೆಲ್ಲೆ ಎಂಬ ಊರಿನ ಐಟಿ ಕಚೇರಿಯವರು ಅವನನ್ನು ತೆಗೆದುಹಾಕಿದ್ದರು. ಊರಿಂದ ಬಂದಿದ್ದ ತಾಯಿ ವಿಜಯಮ್ಮನಿಗೆ ಹೇಳುವ ಧೈರ್ಯವಾಗದೆ ಪಾಪ, ದಿನಾ ಬ್ಯಾಗು ಏರಿಸಿಕೊಂಡು ಹೊರಡುತ್ತಿದ್ದ.

ಪ್ರದರ್ಶನದ ದಿನ ಚಿಹಾರು ಬಾಗಿಲು ತೆರೆದರೆ, ಕರಿಯಪ್ಪನ ಹಿಂದೆ ಕೋಡುಬಳೆ ಹಿಡಿದುಕೊಂಡು ವಿಜಯಮ್ಮ!

"ಊಟಕ್ಕೆ ಕರೆದಿದ್ದಾರೆ ಅಂದೆ, ಅಮ್ಮ ಹೊರಟೇಬಿಟ್ರು," ಎಂದು ಅವನು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. "ನಾನಿರೋದು ಒಂಚೂರೇ ಅಲ್ವಾ?"

ಒಂಚೂರೆಲ್ಲಿ ಬಂತು? ಅರ್ಧ ಸಿನಿಮಾ ಅವನೇ.

ಊಟವಾಯಿತು. "ಪ್ರೊಜೆಕ್ಟರ್ ಕೆಟ್ಟಿದೆ," ಎಂದಳು ಚಿಹಾರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಕೆಂಪಾಯಿತು. ಕರಿಯಪ್ಪ ಅಮ್ಮನನ್ನೊಮ್ಮೆ ನೋಡಿದ. "ಹಾಕಿಬಿಡಿ," ಎಂದ. "ಎಷ್ಟು ದಿನ ಅಂತ."

ತೆರೆಯ ಮೇಲೆ ಯುಟ್ರೆಕ್ಟ್ ಸ್ಟೇಷನ್ನಿನ ಬೆಂಚು, ಅದರಲ್ಲಿ ಕರಿಯಪ್ಪ. ಮನೆಮಾತಿನಲ್ಲೇ ಹೇಳು ಎಂದು ಚಿಹಾರು ಅಂದಿದ್ದರಿಂದ ಅವನು ಕನ್ನಡದಲ್ಲೇ ಹೇಳಿದ್ದ: "ಕೆಲ್ಸ ಹೋಯ್ತು. ಅಮ್ಮಂಗೆ ಹೇಳಿಲ್ಲ. ಬೆಳಿಗ್ಗೆ ಎದ್ದು ಬಾಕ್ಸ್ ಕಟ್ಟಿಕೊಡ್ತಾರೆ, ಇಲ್ಲೇ ಕೂತು ತಿಂತೀನಿ."

ದೀಪ ಹತ್ತಿತು. ಕರಿಯಪ್ಪ ತಲೆ ಎತ್ತಲಿಲ್ಲ. ಈ ಭಾಗ ಇರಬೇಕೋ ಬೇಡವೋ ಎಂದು ಚಿಹಾರು ಕೇಳಿದಳು, ಮಗನನ್ನಲ್ಲ, ತಾಯಿಯನ್ನು. ಬೇಡವೆಂದರೆ ವರ್ಷಗಟ್ಟಲೆಯ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದರೂ ಕೇಳಿದಳು. ಕರಿಯಪ್ಪ ತೊದಲುತ್ತ ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದ.

ವಿಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಯಾಕೆ ತೆಗೀಬೇಕು? ನನ್ನ ಮಗ ಕಳ್ಳತನ ಮಾಡಿದ್ನಾ?" ಎಂದವರೇ ಮಗನ ಬೆನ್ನಿಗೊಂದು ಗುದ್ದಿದರು. "ಆ ಚಳೀಲಿ ಕೂತು ತಣ್ಣಗಿರೋ ಅನ್ನ ತಿಂದ್ಯೇನೋ, ಮುಠ್ಠಾಳ? ನಾಳೆಯಿಂದ ಮನೇಲೇ ಬಿಸಿಬಿಸಿ ತಿಂದ್ಕೊಂಡು ಕೆಲ್ಸ ಹುಡುಕು."

"ಏನಂದರು? ಏನಂದರು?" ಎಂದು ಚಿಹಾರು ಚಡಪಡಿಸಿದಳು. ಕರಿಯಪ್ಪ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅಳುತ್ತಿದ್ದ. ಅವಳಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳುವವರೇ ಇರಲಿಲ್ಲ.